ಹಳೆಯ ವಿಮಾನಕ್ಕೆ ವಯಸ್ಸೆಷ್ಟು?

ಮಾಘ ಮಾಸದಲ್ಲಿ ಚಿಂಚಲಿಯ ಮಾಯಕ್ಕದೇವಿ ಜಾತ್ರೆಗೆ ಬಂಡಿ ಹೂಡುವ ರೈತನನ್ನು ಗಮನಿಸಿ. ಬಂಡಿ ಅಜ್ಜನ ಕಾಲದ್ದೋ ಅಪ್ಪನ ಕಾಲದ್ದೋ ಎಂದು ಅವನು ಲೆಕ್ಕ ಹಾಕುತ್ತ ಕೂರುವುದಿಲ್ಲ. ಬಗ್ಗಿ ಅಚ್ಚು ನೋಡುತ್ತಾನೆ. ಗಾಲಿಯನ್ನು ಅಲ್ಲಾಡಿಸುತ್ತಾನೆ. ಕಡೆಗೀಲು ಭದ್ರವಾಗಿದೆಯೇ ಎಂದು ಬೆರಳಿಟ್ಟು ಪರೀಕ್ಷಿಸುತ್ತಾನೆ, ಕೀಲೆಣ್ಣೆ ಹಚ್ಚುತ್ತಾನೆ. ಆಮೇಲೆ ಹೆಂಡತಿ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾನೆ.

ಅದೇ ಮನೆಯ ಮಗನೋ ಮಗಳೋ ದೂರದ ಊರಿನ ಕಾಲೇಜಿಗೆ ವಿಮಾನದಲ್ಲಿ ಹೋಗುವೆನೆಂದಾಗ ಮಾತ್ರ ಪ್ರಶ್ನೆ ಬದಲಾಗುತ್ತದೆ. "ವಿಮಾನ ಹೊಸದೋ ಹಳೆಯದೋ?" ಹಳೆಯದೆಂದು ತಿಳಿದರೆ ತಾಯಿಯ ಮುಖ ಸಣ್ಣದಾಗುತ್ತದೆ. ಈ ಅಂಜಿಕೆ ತಪ್ಪಲ್ಲ. ಆದರೆ ಕೇಳುವ ಪ್ರಶ್ನೆ ಸರಿಯೇ ಎಂಬುದನ್ನು ಕೊಂಚ ವಿಚಾರಿಸೋಣ.

ಸಾಂಬ್ರಾದಿಂದ ಹಾರಿದ ಪುಟ್ಟ ಜೆಟ್

ಚಿಂಚಲಿಯಲ್ಲಿ ರೈಲು ಹತ್ತಿ, ರಾಯಬಾಗ, ಘಟಪ್ರಭಾ ದಾಟಿ ಬೆಳಗಾವಿಗೆ ಹೋದರೆ ಊರ ಹೊರಗೆ ಸಾಂಬ್ರಾ ವಿಮಾನ ನಿಲ್ದಾಣವಿದೆ. ಎರಡನೆಯ ಮಹಾಯುದ್ಧದ ಕಾಲದ ಈ ನೆಲೆಗೆ 2017ರಲ್ಲಿ ಹೊಸ ಕಟ್ಟಡ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಸಣ್ಣ ಊರುಗಳನ್ನು ಆಕಾಶಮಾರ್ಗದಿಂದ ಜೋಡಿಸುವ 'ಉಡಾನ್' ಯೋಜನೆಯ ಮೊದಲ ವಿಮಾನ ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ತಾಸಿನ ಪ್ರಯಾಣಕ್ಕೆ, ನಿಗದಿಯಾದ ಸೀಟುಗಳಿಗೆ 2,500 ರೂಪಾಯಿಯ ಮಿತಿ ಎಂದು ಆಗ ಸಾರಲಾಗಿತ್ತು. 2019ರಲ್ಲಿ ಕೊಲ್ಹಾಪುರ ಭಾಗದ ಘೋಡಾವತ ಉದ್ಯಮ ಸಮೂಹದ ಸ್ಟಾರ್ ಏರ್ ಸಂಸ್ಥೆ ಬೆಳಗಾವಿಯಿಂದ ಹಾರಾಟ ಶುರುಮಾಡಿದಾಗ, ಅದು ತಂದದ್ದು 50 ಸೀಟುಗಳ ಎಂಬ್ರೇಯರ್ 145 ಎಂಬ ಜೆಟ್ ವಿಮಾನಗಳನ್ನು.

ಈ ವಿಮಾನ ಬ್ರೆಜಿಲ್ ದೇಶದ್ದು. 1995ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿದ ಮಾದರಿ. 1997ರಿಂದ ಪ್ರಯಾಣಿಕರನ್ನು ಹೊತ್ತಿದೆ. ಈಗ ಇದರ ತಯಾರಿಕೆ ನಿಂತಿದೆ. ಅಂದರೆ ಇಂದು ಪ್ರಪಂಚದಲ್ಲಿ ಎಲ್ಲೇ ಈ ವಿಮಾನ ಹತ್ತಿದರೂ ನೀವು ಹತ್ತುವುದು ಒಂದಿಷ್ಟು ಹಳೆಯದಾದ ವಿಮಾನವನ್ನೇ. ನಮ್ಮ ವಾಯುಪಡೆಗಾಗಿ ಬೆಂಗಳೂರಿನ ರಕ್ಷಣಾ ವಿಜ್ಞಾನಿಗಳು ರಡಾರ್ ಹೊರಿಸಿ ರೂಪಿಸಿದ 'ನೇತ್ರ' ವಿಮಾನದ ಒಡಲೂ ಇದೇ ಮಾದರಿಯದು.

ಒಳಗೆ ಕಾಲಿಟ್ಟರೆ ಇದು ಬಸ್ಸಿಗಿಂತ ಇಕ್ಕಟ್ಟು. ನಡುವಿನ ಓಣಿಯ ಒಂದು ಬದಿಗೆ ಒಂದೇ ಸೀಟು, ಇನ್ನೊಂದು ಬದಿಗೆ ಎರಡು. ಎತ್ತರದವರು ತಲೆ ಬಗ್ಗಿಸಬೇಕು. ಎರಡೂ ಎಂಜಿನ್‌ಗಳು ಬಾಲದ ಹತ್ತಿರ ಇರುವುದರಿಂದ ಹಿಂದೆ ಕುಳಿತವರಿಗೆ ಸದ್ದು ಹೆಚ್ಚು. ಸೀಟಿನ ಬಟ್ಟೆ ಮಾಸಿರಬಹುದು, ಊಟದ ತಟ್ಟೆಯ ಕೊಂಡಿ ಸಡಿಲವಾಗಿರಬಹುದು. ಇದನ್ನೆಲ್ಲ ಕಂಡು ಕೆಲವರು "ಅಯ್ಯೋ, ಒಳಗೇ ಹೀಗಿದ್ದರೆ ಎಂಜಿನ್ ಹೇಗಿದೆಯೋ!" ಎನ್ನುತ್ತಾರೆ. ಆದರೆ ಸೀಟಿನ ಬಟ್ಟೆ ಎಂಜಿನ್ನಿನ ಆರೋಗ್ಯ ಹೇಳಲಾರದು. ಹೊಸ ಬಟ್ಟೆ ಹೊದಿಸಿದ ಮಾತ್ರಕ್ಕೆ ಒಳಗಿನ ಲೋಹ ಹೊಸದಾಗುವುದೂ ಇಲ್ಲ.

ವರ್ಷವಲ್ಲ, ಏರಿಳಿತ

ಹಾಗಾದರೆ ವಿಮಾನದ ವಯಸ್ಸನ್ನು ಅಳೆಯುವುದು ಹೇಗೆ? ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ತೆಳ್ಳನೆಯ ತಂತಿಯೊಂದನ್ನು ಎರಡೂ ಕೈಯಿಂದ ಎಳೆಯಿರಿ, ತುಂಡಾಗದು. ಅದೇ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋಗಿ. ಸ್ವಲ್ಪ ಹೊತ್ತಿಗೆ ಪಟ್ಟನೆ ಮುರಿಯುತ್ತದೆ. ದೊಡ್ಡ ಬಲಕ್ಕೆ ಜಗ್ಗದ ಲೋಹ ಮತ್ತೆ ಮತ್ತೆ ಬೀಳುವ ಸಣ್ಣ ಬಲಕ್ಕೆ ಸೋಲುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು.

ಸುಮಾರು 37,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ನೆಲಮಟ್ಟದ ಐದನೆಯ ಒಂದು ಭಾಗದಷ್ಟು ಮಾತ್ರ. ನಾವು ಉಸಿರಾಡಬೇಕಲ್ಲ? ಅದಕ್ಕಾಗಿ ಒಳಗೆ ಗಾಳಿ ತುಂಬಿ ಒತ್ತಡ ಕಾಯುತ್ತಾರೆ. ಆಗ ವಿಮಾನದ ಗೋಡೆಯ ಪ್ರತಿ ಚದರ ಅಡಿಯ ಮೇಲೂ ಒಳಗಿನಿಂದ ಹೊರಕ್ಕೆ ಸುಮಾರು ಅರ್ಧ ಟನ್ ಬಲ ಬೀಳುತ್ತದೆ. ಪ್ರತಿ ಸಲ ಏರುವಾಗ ಒಡಲು ಬಲೂನಿನಂತೆ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಒಮ್ಮೆ ಏರಿ ಇಳಿದರೆ ಒಂದು ಆವರ್ತ. ತಂತಿಯ ಒಂದು ಬಾಗಿನಂತೆ ಇದು.

ಈಗ ಲೆಕ್ಕ ಹಾಕಿ. ದಿನಕ್ಕೆ ಎರಡೇ ಬಾರಿ ಏರುವ ಖಂಡಾಂತರ ವಿಮಾನಕ್ಕೆ ವರ್ಷಕ್ಕೆ ಸುಮಾರು 700 ಆವರ್ತ. ಊರಿಂದೂರಿಗೆ ದಿನಕ್ಕೆ ಆರು ಬಾರಿ ಏರಿಳಿಯುವ ಸಣ್ಣ ಜೆಟ್‌ಗೆ 2,000ಕ್ಕೂ ಮೀರಿ. ಒಂದೇ ವರ್ಷ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಮೂರು ಪಟ್ಟು ಮುಪ್ಪು! ಆದ್ದರಿಂದಲೇ ಎಂಜಿನಿಯರುಗಳು ಹುಟ್ಟಿದ ವರ್ಷದ ಜೊತೆಗೆ ಹಾರಿದ ತಾಸುಗಳನ್ನೂ ಆವರ್ತಗಳನ್ನೂ ದಾಖಲೆಯಲ್ಲಿ ಬರೆದಿಡುತ್ತಾರೆ.

ಎರಡು ಪಾಠಗಳು

ಈ ತಿಳಿವಳಿಕೆ ಪುಕ್ಕಟೆ ಬಂದದ್ದಲ್ಲ. ಪ್ರಪಂಚದ ಮೊದಲ ಪ್ರಯಾಣಿಕ ಜೆಟ್ ಆದ ಬ್ರಿಟನ್ನಿನ ಕಾಮೆಟ್ 1952ರ ಮೇ 2ರಂದು ಸೇವೆ ಆರಂಭಿಸಿತು. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಇಟಲಿಯ ಬಳಿ ಆಕಾಶದಲ್ಲೇ ಛಿದ್ರವಾಗಿ ಸಮುದ್ರ ಸೇರಿದವು. ಅವು ಹಳೆಯ ವಿಮಾನಗಳೇನೂ ಆಗಿರಲಿಲ್ಲ. ವಿಜ್ಞಾನಿಗಳು ಇನ್ನೊಂದು ಕಾಮೆಟ್ಟನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಟ್ಟು ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಮೊದಲು ಹಾರಿದ್ದೂ ಸೇರಿ 3,057 ಆವರ್ತಕ್ಕೆ ಒಡಲು ಸೀಳಿತು. ಕಿಂಡಿಗಳ ಮೂಲೆಗಳಲ್ಲಿ ಒತ್ತಡ ಗುಂಪುಗೂಡುವುದನ್ನು ಅಂದು ಕಲಿತೆವು. ಇಂದು ವಿಮಾನದ ಕಿಟಕಿಗಳ ಮೂಲೆಗಳು ದುಂಡಗಿರುವುದರ ಹಿಂದೆ ಈ ಪಾಠವಿದೆ.

ಎರಡನೆಯದು ಹವಾಯಿ ದ್ವೀಪಗಳ ಕಥೆ. 1988ರ ಏಪ್ರಿಲ್ 28ರಂದು ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನ 24,000 ಅಡಿ ಎತ್ತರದಲ್ಲಿದ್ದಾಗ ಅದರ ಮುಂಭಾಗದ ಮಾಳಿಗೆಯೇ ಹಾರಿಹೋಯಿತು. ಗಗನಸಖಿಯೊಬ್ಬರು ಗಾಳಿಯ ಪಾಲಾದರು. ಉಳಿದ 94 ಮಂದಿಯನ್ನು ಚಾಲಕರು ತೆರೆದ ಆಕಾಶದ ಕೆಳಗೇ ಹೊತ್ತು ತಂದು ಇಳಿಸಿದರು. ಆ ವಿಮಾನಕ್ಕೆ 19 ವರ್ಷ. ಹಾರಿದ್ದು 35,496 ತಾಸು; ಆದರೆ ಆವರ್ತಗಳು 89,680! ಭಾಗಿಸಿ ನೋಡಿ, ಸರಾಸರಿ ಒಂದು ಹಾರಾಟಕ್ಕೆ 24 ನಿಮಿಷ. ಮೇಲಾಗಿ ಸಮುದ್ರದ ಉಪ್ಪುಗಾಳಿ. ತಗಡುಗಳ ಜೋಡಣೆಯಲ್ಲಿ ಹುಟ್ಟಿದ ಸಣ್ಣ ಬಿರುಕುಗಳು ತಪಾಸಣೆಯಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ಆ ಬಳಿಕ ಹಳೆಯ ವಿಮಾನಗಳ ತಪಾಸಣೆಯ ರೀತಿಯೇ ಬದಲಾಯಿತು.

ತಪಾಸಣೆಯೆಂಬ ಆಯುಷ್ಯ

ನಮ್ಮ ಭಾಗದ ಜನರಿಗೆ ಇದನ್ನು ಸಕ್ಕರೆ ಕಾರ್ಖಾನೆಯ ಉದಾಹರಣೆಯಿಂದ ಹೇಳಬಹುದು. 1939ರಲ್ಲಿ ಸ್ಥಾಪನೆಯಾದ ಉಗಾರ ಸಕ್ಕರೆ ಕಾರ್ಖಾನೆಯನ್ನು ಯಾರೂ ಮುದಿಯೆಂದು ಕರೆಯುವುದಿಲ್ಲ. ಕಬ್ಬಿನ ಹಂಗಾಮು ಮುಗಿದೊಡನೆ ಸಕ್ಕರೆ ಕಾರ್ಖಾನೆಗಳು ಯಂತ್ರ ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಜೋಡಿಸುತ್ತವೆ. ವಿಮಾನಕ್ಕೂ ಹೀಗೆಯೇ. ಪ್ರತಿ ಹಾರಾಟದ ಮುನ್ನ ಸುತ್ತುನೋಟ, ಗೊತ್ತಾದ ತಾಸುಗಳಿಗೊಮ್ಮೆ ಸಣ್ಣ ತಪಾಸಣೆ, ಕೆಲವು ತಿಂಗಳು ವರ್ಷಗಳಿಗೊಮ್ಮೆ ಒಳಗಿನ ಸೀಟು, ಹಲಗೆಗಳನ್ನೆಲ್ಲ ಕಳಚಿ ಎಲುಬುಗೂಡು ನೋಡುವ ದೊಡ್ಡ ತಪಾಸಣೆ. ಬರಿಗಣ್ಣಿಗೆ ಕಾಣದ ಬಿರುಕನ್ನು ಬಣ್ಣದ ದ್ರವ ಸವರಿ, ಶ್ರವಣಾತೀತ ಧ್ವನಿ ಹಾಯಿಸಿ, ಸುಳಿ ವಿದ್ಯುತ್ ಹರಿಸಿ ಹುಡುಕುತ್ತಾರೆ. ಎಂಜಿನ್ನಿನೊಳಗೆ ತಿರುಗುವ ಮುಖ್ಯ ಚಕ್ರಗಳಿಗೆ ಇಂತಿಷ್ಟೇ ಆವರ್ತ ಎಂದು ಆಯುಷ್ಯ ಬರೆದಿರುತ್ತದೆ. ನೋಡಲು ಚೆನ್ನಾಗಿದ್ದರೂ ಆ ಲೆಕ್ಕ ಮುಗಿದ ದಿನ ತೆಗೆದುಹಾಕಲೇಬೇಕು. ಹೀಗಾಗಿ ಹಳೆಯ ವಿಮಾನವೆಂದರೆ ಎಲ್ಲ ಭಾಗವೂ ಹಳೆಯದೆಂದಲ್ಲ.

ಇನ್ನೊಂದು ಮಾತು. ಹೊಸತನವೊಂದೇ ರಕ್ಷಣೆಯೂ ಅಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿತೆಗೆದುಕೊಂಡ ವಿಮಾನಕ್ಕೆ ಮೂರು ವರ್ಷವೂ ಆಗಿರಲಿಲ್ಲ. ಇಳಿಯುವ ಕ್ರಮ ತಪ್ಪಿದ್ದರೂ ಮತ್ತೆ ಮೇಲೇರದೆ ಹೋದದ್ದೇ ಕಾರಣವೆಂದು ತನಿಖೆ ಹೇಳಿತು. 2000ದ ಜುಲೈ 17ರಂದು ಪಟ್ನಾದಲ್ಲಿ ಬಿದ್ದದ್ದು ಸುಮಾರು 20 ವರ್ಷದ ವಿಮಾನ. ಎಲ್ಲರೂ ವಯಸ್ಸನ್ನು ದೂರಿದರು; ತನಿಖೆ ಅಲ್ಲಿಯೂ ಚಾಲನೆಯ ತಪ್ಪನ್ನೇ ಕಂಡಿತು.

ಪ್ರಯಾಣಿಕನ ಪಾಲು

ಹತ್ತಿದ ಮೇಲೆ ಅಂಜಿಸುವ ಕೆಲವು ಸಂಗತಿಗಳು ಸಹಜವಾದವೇ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕೇಳುವ 'ಧಡ್' ಸದ್ದು ಗಾಲಿಗಳು ಒಳಸೇರಿದ್ದರದು. ಬಳಿಕ ಎಂಜಿನ್ ಸದ್ದು ತಗ್ಗಿದರೆ ಅದು ಕೆಟ್ಟಿತೆಂದಲ್ಲ. ಏರುವ ಬಿರುಸನ್ನು ಚಾಲಕರು ಬೇಕೆಂದೇ ಇಳಿಸುತ್ತಾರೆ. ಮಳೆಗಾಲದಲ್ಲಿ ಮೇಲಿನಿಂದ ಬರುವ ಬಿಳಿ ಮಂಜು ಹೊಗೆಯಲ್ಲ, ತಣ್ಣನೆಯ ಗಾಳಿಗೆ ಹನಿಗಟ್ಟಿದ ತೇವ. ಹಲವು ವಿಮಾನಗಳ ಕಿಟಕಿಯಲ್ಲಿ ಕಾಣುವ ಸೂಜಿಮೊನೆಯಂಥ ತೂತನ್ನು ಒಳಪದರದಲ್ಲಿ ಒತ್ತಡ ಸರಿದೂಗಲೆಂದೇ ಕೊರೆದಿರುತ್ತಾರೆ.

ಆದರೆ ಸುಟ್ಟ ವಾಸನೆ, ಸುರಿಯುವ ಎಣ್ಣೆ, ಬಿಟ್ಟುಕೊಂಡ ತಗಡು ಕಂಡರೆ ಸುಮ್ಮನಿರಬೇಡಿ. ಅಲೋಹಾ ವಿಮಾನ ಹತ್ತುವಾಗಲೇ ಬಾಗಿಲಿನ ಬಳಿ ಉದ್ದನೆಯ ಬಿರುಕೊಂದನ್ನು ಪ್ರಯಾಣಿಕರೊಬ್ಬರು ಕಂಡಿದ್ದರಂತೆ. ಯಾರಿಗೂ ಹೇಳಲಿಲ್ಲ. ಬಲ್ಲವರು ನೋಡಿರುತ್ತಾರೆ, ನಾನೇಕೆ ಬಾಯಿ ಹಾಕಲಿ ಎಂಬ ಸಂಕೋಚ ನಮಗೂ ಇದೆಯಲ್ಲವೇ? ಮಕ್ಕಳಿಗೆ ಮೊದಲ ವಿಮಾನಯಾನಕ್ಕೆ ಹೇಳಿಕೊಡಬೇಕಾದ ಮುಖ್ಯ ಮಾತು ಇದು: ಅನುಮಾನ ಬಂದರೆ ಗಗನಸಖಿಗೆ ಹೇಳು. ತಪ್ಪಾದರೆ ಒಂದು ನಗೆ; ಸರಿಯಾದರೆ ಎಷ್ಟೋ ಜೀವ.

ವಿಜ್ಞಾನ ಓದುತ್ತಿರುವ ಮಕ್ಕಳು ಇನ್ನೊಂದನ್ನೂ ತಿಳಿದಿರಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದೊಡನೆ ಪಿಯುಸಿ ಮುಗಿಸಿದವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮನ್ನಣೆ ಪಡೆದ ಸಂಸ್ಥೆಯಲ್ಲಿ ಕಲಿತು, ಪರೀಕ್ಷೆ ಮತ್ತು ಅನುಭವದ ಬಳಿಕ ವಿಮಾನ ನಿರ್ವಹಣಾ ಎಂಜಿನಿಯರ್ ಆಗಬಹುದು. ಸಂಸ್ಥೆಗೆ ಹಣ ಕಟ್ಟುವ ಮುನ್ನ ಆ ಮನ್ನಣೆ ನಿಜವೇ ಎಂದು ತಂದೆತಾಯಿಗಳು ಖಚಿತಪಡಿಸಿಕೊಳ್ಳಲಿ. ರಿಪೇರಿಯಾದ ವಿಮಾನ ಮತ್ತೆ ಏಳಬೇಕಾದರೆ, ಅರ್ಹರಾದ ಇಂಥವರು "ಹಾರಬಹುದು" ಎಂದು ರುಜು ಹಾಕಬೇಕು.

ಆದ್ದರಿಂದ ಮುಂದಿನ ಸಲ ವಿಮಾನಕ್ಕೆ ಎಷ್ಟು ವರ್ಷ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಎಷ್ಟು ಬಾರಿ ಏರಿಳಿದಿದೆ, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವುದು ಮೇಲು. ಜಾತ್ರೆಗೆ ಹೊರಟ ರೈತ ಬಗ್ಗಿ ಕಡೆಗೀಲು ಮುಟ್ಟಿ ನೋಡುವುದೂ ಅದೇ ಪ್ರಶ್ನೆಯನ್ನು ಕೇಳಿದ ಹಾಗೆ.