ಲಿವರ್ ಕ್ಯಾನ್ಸರ್: ಜೀನ್‌ನ ಪಾಲೆಷ್ಟು, ವೈರಸ್‌ನ ಪಾಲೆಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿದೆ. ಅವರಲ್ಲಿ 2.98 ಕೋಟಿ ಜನ ಭಾರತದವರು. ಇವರೆಲ್ಲರಿಗೂ ಲಿವರ್ ಕ್ಯಾನ್ಸರ್ ಬರುವುದಿಲ್ಲ. ಯಾರಿಗೆ ಬರುತ್ತದೆ ಎಂಬುದರಲ್ಲಿ ಜೀನ್‌ಗಳ ಕೈವಾಡ ಎಷ್ಟು? ತೈವಾನ್ ಮತ್ತು ಚೀನಾದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಜೀನ್‌ಗೆ ಪಾಲುಂಟು, ಆದರೆ ಅದು ಚಿಕ್ಕದು.

ವೈರಸ್‌ನ ಲೆಕ್ಕ

ಸಂಶೋಧಕ ಪಾಮರ್ ಬೀಸ್ಲಿ ಅವರ ತಂಡ ತೈವಾನ್‌ನ 22,707 ಪುರುಷರನ್ನು ಹಲವು ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿತು. ಲಿವರ್ ಕ್ಯಾನ್ಸರ್‌ನಿಂದ ಸತ್ತ 41 ಮಂದಿಯಲ್ಲಿ 40 ಮಂದಿ ಹೆಪಟೈಟಿಸ್ ಬಿ ಸೋಂಕಿತರು. ಸೋಂಕಿಲ್ಲದವರಿಗಿಂತ ಅವರ ಅಪಾಯ 223 ಪಟ್ಟು ಹೆಚ್ಚಿತ್ತು.

ಮುಂದೆ ತೈವಾನ್‌ನಲ್ಲೇ ಸಂಶೋಧಕ ಚೆನ್ ಚಿಯೆನ್-ಜೆನ್ ಅವರ ತಂಡ 3,653 ಸೋಂಕಿತರನ್ನು ಸರಾಸರಿ 11.4 ವರ್ಷ ಹಿಂಬಾಲಿಸಿತು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ವೈರಸ್ ಪ್ರತಿಗಳು 300ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 1.3ರಷ್ಟು ಜನರಿಗೆ ಕ್ಯಾನ್ಸರ್ ಬಂತು. 10 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿದ್ದವರಲ್ಲಿ ಈ ಪ್ರಮಾಣ ಶೇ 14.9.

ಜೀನ್‌ನ ಲೆಕ್ಕ

2010ರಲ್ಲಿ ಚೀನಾದ ಸಂಶೋಧಕರು 4.4 ಲಕ್ಷ ಡಿಎನ್‌ಎ ಗುರುತುಗಳನ್ನು ಜಾಲಾಡಿ ‘ಕೆಐಎಫ್1ಬಿ’ ಎಂಬ ಜೀನ್‌ನಲ್ಲಿ ಒಂದು ವ್ಯತ್ಯಾಸ ಕಂಡರು. ಅದು ಅಪಾಯವನ್ನು ತಗ್ಗಿಸುವಂತೆ ತೋರಿತು. ಆದರೆ 2012ರಲ್ಲಿ ಜಪಾನ್, ಕೊರಿಯಾ ಮತ್ತು ಹಾಂಗ್‌ಕಾಂಗ್‌ನ ರೋಗಿಗಳಲ್ಲಿ ಪರೀಕ್ಷಿಸಿದಾಗ ಆ ನಂಟು ಕಾಣಲಿಲ್ಲ. 2013ರಲ್ಲಿ ಚೀನಾದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ 11,799 ಸೋಂಕಿತರಿದ್ದರು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ‘ಎಸ್‌ಟಿಎಟಿ4’ ಮತ್ತು ‘ಎಚ್‌ಎಲ್‌ಎ-ಡಿಕ್ಯೂ’ ಎಂಬ ಎರಡು ತಾಣಗಳು ಅಲ್ಲಿ ಎದ್ದು ಕಂಡವು.

ಅಪಾಯ ಎಷ್ಟು ಪಟ್ಟು ಹೆಚ್ಚು ಎಂಬ ಬೇರೆ ಬೇರೆ ಅಧ್ಯಯನಗಳ ಈ ಅಂಕಿಗಳನ್ನು ಸ್ಥೂಲವಾಗಿ ಹೋಲಿಸಿ ನೋಡಿ:

- ಎಸ್‌ಟಿಎಟಿ4 ವ್ಯತ್ಯಾಸ: 1.21 ಪಟ್ಟು
- ಎಚ್‌ಎಲ್‌ಎ-ಡಿಕ್ಯೂ ವ್ಯತ್ಯಾಸ: 1.49 ಪಟ್ಟು
- ಹತ್ತಿರದ ರಕ್ತಸಂಬಂಧಿಗೆ ಲಿವರ್ ಕ್ಯಾನ್ಸರ್: ಸುಮಾರು 2 ಪಟ್ಟು
- ಅತಿ ಹೆಚ್ಚು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ): ಸುಮಾರು 11 ಪಟ್ಟು

ಮೂರನೆಯ ಸಾಲು ತೈವಾನ್‌ನದ್ದು. ಅಲ್ಲಿನ ಸೋಂಕಿತರಲ್ಲಿ ಮನೆಯಲ್ಲಿ ಯಾರಿಗೂ ಲಿವರ್ ಕ್ಯಾನ್ಸರ್ ಇಲ್ಲದವರ ಅಪಾಯ ಶೇ 7.5 ಇದ್ದರೆ, ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಅದು ಬಂದಿದ್ದವರ ಅಪಾಯ ಶೇ 15.8. ಜೀನ್‌ನ ಜೊತೆಗೆ ತಾಯಿಯಿಂದ ಹೆರಿಗೆಯ ವೇಳೆ ದಾಟಿದ ಸೋಂಕು, ಒಂದೇ ಮನೆಯ ಊಟ ಎಲ್ಲವೂ ಈ ಅಂಕಿಯಲ್ಲಿ ಸೇರಿವೆ. ಊಟದ ಪಾಲು ಸಣ್ಣದಲ್ಲ. ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಶಾಂಘೈನ 18,244 ಪುರುಷರ ಅಧ್ಯಯನದಲ್ಲಿ ಈ ವಿಷವೊಂದರಿಂದಲೇ ಅಪಾಯ 3.4 ಪಟ್ಟು, ಸೋಂಕೊಂದರಿಂದಲೇ 7.3 ಪಟ್ಟು ಏರಿತ್ತು. ಎರಡೂ ಸೇರಿದಾಗ 59.4 ಪಟ್ಟು! ಶೇಂಗಾ, ಮೆಕ್ಕೆಜೋಳ ಎರಡೂ ನಮ್ಮ ಹೊಲಗಳಲ್ಲಿ ಬೆಳೆಯುವ ಬೆಳೆಗಳು. ಕೊಯ್ಲಿನ ನಂತರ ಚೆನ್ನಾಗಿ ಒಣಗಿಸುವುದು ಬೆಲೆಯ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ.

ಹಣದ ಲೆಕ್ಕ

ವೈರಲ್ ಲೋಡ್ ತಗ್ಗಿಸುವ ಟೆನೊಫೊವಿರ್ ಮಾತ್ರೆಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ವರದಿಯಲ್ಲಿ ಕೊಟ್ಟ ಮಾನದಂಡದ ದರ ತಿಂಗಳಿಗೆ 2.4 ಡಾಲರ್. ಆಗಿನ ವಿನಿಮಯ ದರದಲ್ಲಿ ವರ್ಷಕ್ಕೆ ಸುಮಾರು 2,400 ರೂಪಾಯಿ. ಮಾಹಿತಿ ಕೊಟ್ಟ 26 ದೇಶಗಳಲ್ಲಿ ಈ ದರಕ್ಕೆ ಅಥವಾ ಅದಕ್ಕಿಂತ ಕಡಿಮೆಗೆ ಕೊಂಡವು 7 ಮಾತ್ರ. ಭಾರತದಲ್ಲಿ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಮಾತ್ರೆ ಉಚಿತ. ಆದರೆ ಇಡೀ ಜಗತ್ತನ್ನು ನೋಡಿದರೆ, 2022ರ ಕೊನೆಗೆ ಸೋಂಕಿತರಲ್ಲಿ ತಮಗೆ ಸೋಂಕಿದೆ ಎಂದು ಗೊತ್ತಾದವರು ಶೇ 13, ಚಿಕಿತ್ಸೆ ಸಿಕ್ಕವರು ಶೇ 3.

ತಪಾಸಣೆಯ ಫಲವನ್ನೂ ಶಾಂಘೈ ಅಳೆದು ತೋರಿಸಿದೆ. 1993ರಿಂದ 18,816 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಎಎಫ್‌ಪಿ ರಕ್ತಪರೀಕ್ಷೆಗೆ ಕರೆಯಲಾಯಿತು. ತಪಾಸಣೆಯ ಗುಂಪಿನಲ್ಲಿ ಲಿವರ್ ಕ್ಯಾನ್ಸರ್‌ನಿಂದ 32 ಮಂದಿ, ಇನ್ನೊಂದರಲ್ಲಿ 54 ಮಂದಿ ಸತ್ತರು. ಸಾವಿನ ಪ್ರಮಾಣ ಶೇ 37ರಷ್ಟು ಇಳಿಯಿತು. ಕರೆದಾಗ ಬಂದವರು ಶೇ 58 ಮಾತ್ರ ಎಂಬುದನ್ನು ಗಮನಿಸಬೇಕು. ಆದರೂ ಸುಮಾರು 425 ಜನರನ್ನು ಕರೆದದ್ದಕ್ಕೆ ಒಂದು ಜೀವ ಉಳಿದಂತಾಯಿತು.

ಹಾಗಾದರೆ ಮೊದಲು ಏನು?

ಜೀನ್ ಸಂಶೋಧನೆ ನಡೆಯಲೇಬೇಕು. ಲಿವರ್‌ನಲ್ಲಿ ಕ್ಯಾನ್ಸರ್ ಹೇಗೆ ಬೇರೂರುತ್ತದೆ ಎಂದು ತಿಳಿಯಲು, ಮುಂದೆ ಹೊಸ ಔಷಧ ಹುಡುಕಲು ಅದು ಬೇಕು. ಆದರೆ 1.21 ಪಟ್ಟಿನ ಗುರುತನ್ನು ತಿಳಿಯಲು ದುಡ್ಡು ಸುರಿಯುವ ಮೊದಲು 11 ಪಟ್ಟಿನ ಅಪಾಯವನ್ನು ಅಳೆಯಬೇಡವೇ? ಒಬ್ಬರಿಗೆ ಸೋಂಕು ಗೊತ್ತಾದ ಕೂಡಲೇ ಅವರ ತಾಯಿ, ಒಡಹುಟ್ಟಿದವರು, ಸಂಗಾತಿ, ಮಕ್ಕಳು ಸೋಂಕು ಪತ್ತೆ ಮಾಡುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಸೋಂಕು ತಗುಲದವರು ಲಸಿಕೆ ಹಾಕಿಸಿಕೊಳ್ಳಲಿ. ಸೋಂಕಿದ್ದವರು ವೈರಲ್ ಲೋಡ್ ನೋಡಿಸಿ, ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಲಿ. ಸೋಂಕಿತರಲ್ಲಿ ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇರುವವರು, ಮನೆಯಲ್ಲಿ ಲಿವರ್ ಕ್ಯಾನ್ಸರ್ ಕಂಡವರು, 40 ದಾಟಿದ ಪುರುಷರು, 50 ದಾಟಿದ ಮಹಿಳೆಯರು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು. ಹುಟ್ಟಿದ ಪ್ರತಿ ಮಗುವಿಗೂ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಜೀನ್ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಇವಿಷ್ಟೂ ನಮ್ಮ ಕೈಯಲ್ಲೇ ಇವೆ.