ಬೇಸಿಗೆಯಲ್ಲಿ ನಿಮಗೂ ಒಂದು ದಿನ ರಜೆ

ಬೇಸಿಗೆ ಬಂತೆಂದರೆ ಮಕ್ಕಳಿಗೆ ರಜೆ. ನಿಮಗೆ? ಹಪ್ಪಳ, ಸಂಡಿಗೆ, ನೆಂಟರು! ‘ನಾನಿಲ್ದಿದ್ರೆ ಮನೆ ಹೇಗೆ?’ ಎಂಬ ಚಿಂತೆ ಒಂದು ದಿನ ಬಿಡಿ. ಐನಾಪುರದವರಾದರೆ ಗೆಳತಿಯರೊಂದಿಗೆ ಬೆಳಗಿನ ಬಸ್ಸಿಗೇ ಅಥಣಿ ಮೇಲೆ ವಿಜಯಪುರಕ್ಕೆ ಹೊರಡಿ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಮರೆಯಬೇಡಿ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬೇಗ ಕೆಡುವುದಿಲ್ಲ. ಮನೆಯವರಿಗೂ ಇಡಿ, ಬುತ್ತಿಯನ್ನೂ ಕಟ್ಟಿಕೊಳ್ಳಿ. ನೀರಿನ ಬಾಟಲಿ, ಟೋಪಿ ಇರಲಿ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಮೆಲ್ಲಗೆ ಆಡಿದ ಮಾತೂ ಎದುರು ಬದಿಗೆ ಕೇಳುತ್ತದೆ. ಅಲ್ಲಿ ಅತ್ತೆಯ ಸುದ್ದಿ ಬೇಡ!

ಸಂಜೆ ಮರಳಿದಾಗ ಮನೆ ಅಲ್ಲೇ ಇರುತ್ತದೆ; ಹಾಲು ಕಾಯಿಸಲು ಕಲಿತ ಯಜಮಾನರೂ!