ನಿಮಗಿದು ಗೊತ್ತೇ? ಇಂಗ್ಲೆಂಡಿನಲ್ಲಿ ಹಕ್ಕು ಇದ್ದರೆ ಸಾಲದು!

● ಇಂಗ್ಲೆಂಡಿನ ಕಾನೂನಿನಲ್ಲಿ ‘ಅನಾದಿ ಕಾಲ’ಕ್ಕೂ ತಾರೀಖಿದೆ: 1189ರ ಸೆಪ್ಟೆಂಬರ್ 3, ಮೊದಲನೆಯ ರಿಚರ್ಡ್‌ಗೆ ಪಟ್ಟವಾದ ದಿನ. ಪಕ್ಕದವರ ಜಮೀನಿನಲ್ಲಿ ಅದಕ್ಕೂ ಹಿಂದಿನಿಂದ ಓಡಾಡಿಕೊಂಡು ಬಂದಿದ್ದರೆ ದಾರಿಯ ಹಕ್ಕು ಖಚಿತ. ಅಷ್ಟು ಹಳೆಯ ಸಾಕ್ಷಿಯನ್ನು ಎಲ್ಲಿಂದ ಕರೆತರುವುದು? ಅದಕ್ಕೇ ನ್ಯಾಯಾಧೀಶರು ಒಂದು ಉಪಾಯ ಕಂಡುಕೊಂಡರು. 20 ವರ್ಷ ಬಳಸಿದ್ದರೆ, ಯಾರೋ ಎಂದೋ ಹಕ್ಕುಪತ್ರ ಬರೆದುಕೊಟ್ಟಿದ್ದರು, ಅದು ಕಳೆದುಹೋಗಿದೆ ಎಂದು ಭಾವಿಸಿಬಿಡುವುದು!

● ಲಂಡನ್ನಿನ ಲೆಸ್ಟರ್ ಸ್ಕ್ವೇರ್ ನಡುವೆ ಇಂದಿಗೂ ತೋಟ ಉಳಿದಿರುವುದರ ಹಿಂದೆ ಒಂದು ಮೊಕದ್ದಮೆ ಇದೆ. 1808ರಲ್ಲಿ ಆ ಜಾಗ ಮಾರಿದವನು ‘ಇಲ್ಲಿ ಕಟ್ಟಡ ಕಟ್ಟಕೂಡದು’ ಎಂದು ಬರೆಸಿಕೊಂಡಿದ್ದ. ಜಾಗ ಕೈಯಿಂದ ಕೈಗೆ ಹೋಯಿತು. ಕೊನೆಗೆ ಕೊಂಡವನ ಪತ್ರದಲ್ಲಿ ಆ ಷರತ್ತೇ ಇರಲಿಲ್ಲ. ಆದರೆ ವಿಷಯ ಅವನಿಗೆ ತಿಳಿದಿತ್ತು. ತಿಳಿದೂ ಕೊಂಡಮೇಲೆ ಷರತ್ತಿಗೆ ತಲೆಬಾಗಲೇಬೇಕು ಎಂದಿತು 1848ರ ತೀರ್ಪು.

● ಹಾಗಾದರೆ ತಿಳಿದಿದ್ದರೆ ಸಾಕೇ? ಈಗ ಸಾಲದು! 1961ರಲ್ಲಿ ಒಬ್ಬ ರೈತ ಒಂದು ಪೌಂಡ್ ಪಡೆದು, ಹತ್ತು ವರ್ಷದೊಳಗೆ ಗೊತ್ತಾದ ಬೆಲೆಗೆ ಜಮೀನು ಕೊಳ್ಳುವ ಹಕ್ಕನ್ನು ಮಗನಿಗೆ ಬರೆದುಕೊಟ್ಟ. ಅದನ್ನು ಸರ್ಕಾರಿ ದಾಖಲೆಯಲ್ಲಿ ಯಾರೂ ನಮೂದಿಸಲಿಲ್ಲ. 1967ರಲ್ಲಿ ಮನಸ್ಸು ಬದಲಿಸಿದ ಅಪ್ಪ, ಸುಮಾರು 40,000 ಪೌಂಡ್ ಬಾಳುವ ಆ ಜಮೀನನ್ನು ಬರೀ 500 ಪೌಂಡಿಗೆ ಹೆಂಡತಿಗೇ ಮಾರಿಬಿಟ್ಟ! ಕೆಳಗಿನ ಪೀಠದಲ್ಲಿ ನ್ಯಾಯಾಧೀಶ ಲಾರ್ಡ್ ಡೆನ್ನಿಂಗ್ ಇದು ವಂಚನೆ ಎಂದರು. ಆಗ ಅಂತಿಮ ಮೇಲ್ಮನವಿ ಕೇಳುತ್ತಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಹಣ ಕೊಟ್ಟು ಕೊಂಡವರ ಮುಂದೆ ದಾಖಲಾಗದ ಹಕ್ಕು ಶೂನ್ಯ, ಅವರ ಮನಸ್ಸಿನಲ್ಲಿ ಏನಿತ್ತೆಂಬುದು ಬೇಕಿಲ್ಲ ಎಂದಿತು. ನ್ಯಾಯವೇ? ನನಗಂತೂ ಅನ್ನಿಸುವುದಿಲ್ಲ.

● ನಮ್ಮಲ್ಲಿ ಜಮೀನು ಕೊಳ್ಳುವ ಮುನ್ನ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಹಳೆಯ ಪತ್ರಗಳನ್ನೆಲ್ಲ ತಿರುವಿಹಾಕುತ್ತೇವೆ. ನಾವು ನೋಂದಾಯಿಸುವುದು ಪತ್ರವನ್ನು, ಮಾಲೀಕತ್ವವನ್ನಲ್ಲ. ಅಲ್ಲಿ 1862ರಲ್ಲಿ ಆರಂಭವಾದ ಭೂ ನೋಂದಣಿ ಕಚೇರಿ ಮಾಲೀಕತ್ವವನ್ನೇ ನೋಂದಾಯಿಸುತ್ತದೆ. ದಾಖಲೆಯ ತಪ್ಪಿನಿಂದ ನಷ್ಟವಾದವರಿಗೆ ಪರಿಹಾರವೂ ಉಂಟು. 1990ರ ಡಿಸೆಂಬರಿನಿಂದ ಶುಲ್ಕ ಕಟ್ಟಿದ ಯಾರು ಬೇಕಾದರೂ ಯಾರ ಮನೆಯ ದಾಖಲೆಯನ್ನಾದರೂ ನೋಡಬಹುದು.

● ದಾಖಲೆಯಲ್ಲಿ ಹೆಸರೇ ಇಲ್ಲದೆ ಬ್ಯಾಂಕನ್ನು ಸೋಲಿಸಿದ ಹೆಂಡತಿಯ ಕಥೆ 1980ರದು. ಮನೆ ಗಂಡನ ಹೆಸರಿನಲ್ಲಿತ್ತು, ಕೊಳ್ಳುವಾಗ ಹೆಂಡತಿಯೂ ಹಣ ಹಾಕಿದ್ದಳು. ಗಂಡ ಅಡವಿಟ್ಟ. ಮನೆಯಲ್ಲಿರುವಾಕೆಯನ್ನು ಬ್ಯಾಂಕಿನವರು ಒಂದು ಮಾತೂ ಕೇಳಲಿಲ್ಲ. ಪಾಲುಳ್ಳವಳು ಅಲ್ಲೇ ವಾಸವಿದ್ದಾಳೆ, ಆದ್ದರಿಂದ ಬ್ಯಾಂಕು ಅವಳ ಹಕ್ಕಿಗೆ ಬದ್ಧ ಎಂದಿತು ಹೌಸ್ ಆಫ್ ಲಾರ್ಡ್ಸ್. (ಕೇಳಿದಾಗ ಬಾಯಿಬಿಡದೆ ಮುಚ್ಚಿಟ್ಟವರಿಗೆ ಈ ರಕ್ಷಣೆ ಇಲ್ಲ.)

● ವಾಸವೆಂದರೆ ಸದಾ ಮನೆಯೊಳಗೇ ಕೂತಿರಬೇಕೇ? ಒಬ್ಬಾಕೆ ಹೆರಿಗೆಗೆ ಆಸ್ಪತ್ರೆ ಸೇರಿದ್ದಾಗ ಗಂಡ ಗುಟ್ಟಾಗಿ ಮನೆ ಮಾರಿದ. ಅವಳ ಮೇಜು ಕುರ್ಚಿಗಳು ಅಲ್ಲೇ ಇದ್ದವು. ಅವಳು ವಾಸವಿದ್ದಳೆಂದೇ ಲೆಕ್ಕ ಎಂದು 1984ರಲ್ಲಿ ತೀರ್ಪಾಯಿತು. ಇನ್ನೊಬ್ಬ ತಾಯಿ ಹಾಲೆಂಡಿನಲ್ಲಿ ರಜೆಯಲ್ಲಿದ್ದಳು. ಮನೆಯ ಖರೀದಿ ಮುಗಿಯುವ 35 ನಿಮಿಷ ಮೊದಲು ಆಳುಗಳು ಅವಳಿಗಾಗಿ ಹೊಸ ಮನೆಯಲ್ಲಿ ಜಮಖಾನೆ ಹಾಸತೊಡಗಿದ್ದರು. ಜಮಖಾನೆ ಹಾಸಿದ ಮಾತ್ರಕ್ಕೆ ವಾಸವಾಗದು!

● ಮನೆ ಕೊಳ್ಳಲು ದೊಡ್ಡ ಪಾಲು ಹಣ ಕೊಟ್ಟು ಅದರಲ್ಲೇ ಇದ್ದ ವೃದ್ಧ ದಂಪತಿ 1987ರಲ್ಲಿ ಸೋತರು. ಮನೆ ಮಗಳು ಮತ್ತು ಅಳಿಯ ಇಬ್ಬರ ಹೆಸರಿನಲ್ಲಿತ್ತು, ಅವರು ಅದನ್ನು ಅಡವಿಟ್ಟು ಸಾಲ ಎತ್ತಿದರು. ಸಾಲದ ಹಣ ಇಬ್ಬರು ಮಾಲೀಕರ ಕೈಸೇರಿದರೆ ದಾಖಲೆಯಲ್ಲಿ ಹೆಸರಿಲ್ಲದವರ ಪಾಲು ಮನೆಯನ್ನು ಬಿಟ್ಟು ಆ ಹಣಕ್ಕೆ ಅಂಟಿಕೊಳ್ಳುತ್ತದೆ. ಮಗಳು ಅಳಿಯನ ಕೈಯಲ್ಲಿ ಹಣವೂ ಉಳಿದಿರಲಿಲ್ಲವೆನ್ನಿ. ಆ ಮನೆಯ ಹೆಸರೇನು ಗೊತ್ತೇ? ‘ಬ್ಲೀಕ್ ಹೌಸ್’! ಮುಗಿಯದ ವ್ಯಾಜ್ಯದ ಬಗ್ಗೆ ಡಿಕನ್ಸ್ ಬರೆದ ಕಾದಂಬರಿಯ ಹೆಸರೂ ಅದೇ.

● ಗಂಡನೊಬ್ಬನ ಹೆಸರಿನ ಮನೆಯಲ್ಲಿ ಹೆಂಡತಿ ತನ್ನ ವಾಸದ ಹಕ್ಕನ್ನು ಅವನ ಒಪ್ಪಿಗೆಯಿಲ್ಲದೆ ದಾಖಲಿಸಬಹುದು. ಇದಕ್ಕೆ ದಾರಿ ಮಾಡಿದ್ದು 1967ರ ಕಾಯ್ದೆ.

● ಜಮೀನಿನ ಜೊತೆ ಚರ್ಚೂ ಕೊರಳಿಗೆ ಬೀಳಬಹುದಿತ್ತು! ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋದಲ್ಲಿ ಹೊಲ ಹೊಂದಿದ್ದ ದಂಪತಿಗೆ ಹಳ್ಳಿಯ ಚರ್ಚು ರಿಪೇರಿಗೆ ಲಕ್ಷದ ಸಮೀಪದ ಪೌಂಡಿನ ಬಿಲ್ಲು ಬಂತು. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ಕಟ್ಟಿ ಎಂದಿತು. 2013ರ ಅಕ್ಟೋಬರ್ 13ರ ನಂತರ ನೋಂದಾಯಿತ ಜಮೀನು ಕೊಳ್ಳುವವರ ಮೇಲೆ, ದಾಖಲೆಯಲ್ಲಿ ನಮೂದಾಗಿಲ್ಲದಿದ್ದರೆ ಈ ಹೊಣೆ ಬೀಳದು. ಚರ್ಚಿನವರೂ ಬರೆಸಲೇಬೇಕಾಯಿತು.